ಹಿತ್ತಲ ಗಿಡ, ಸರಕಾರದ ಕಣ್ಣು

ಹೋದ ದೀಪಾವಳಿಗೆ ಬಾಡಕ್ಕೆ ಹೋಗಿದ್ದೆ. ನನ್ನ ಅಕ್ಕನ ಮಗ ಮೊಬೈಲು ಹಿಡಿದುಕೊಂಡು ಪಕ್ಕಕ್ಕೆ ಬಂದು ಕೂತ. ಗೋಕರ್ಣದ ಹೋಟೆಲೊಂದರಲ್ಲಿ ಅವನಿಗೆ ಕೆಲಸ. ಬಾಡದಿಂದ ಅಘನಾಶಿನಿಗೆ ಹೋಗಿ ಹೊಳೆ ದಾಟಿದರೆ ತದಡಿ, ಅಲ್ಲಿಂದ ಗೋಕರ್ಣ. ದಿನಾ ದೋಣಿ ದಾಟುವ ಹುಡುಗ ಜಗತ್ತನ್ನೂ ದಾಟಿ ಬಂದವನ ಹಾಗೆ ಮಾತಾಡುತ್ತಾನೆ.

"ಮಾವಾ, ಇದು ನೋಡು. ಆಟೋಫ್ಲವರ್ ಬೀಜ ಅಂತೆ. ಹಾಕಿದ ಎಪ್ಪತ್ತು ಎಂಬತ್ತು ದಿನಕ್ಕೆ ಹೂವಾಗಿ ಮುಗೀತದೆ. ಹೊಲ ಬೇಡ, ತೋಟ ಬೇಡ. ಕೋಣೆಯೊಳಗೆ ದೀಪ ಹಚ್ಚಿಟ್ಟರೆ ಬೆಳೀತದೆ."

"ಯಾವುದರ ಬೀಜವೋ ತಮಾ?"

"ಗಾಂಜಾ."

ಜಗಲಿಯ ಆ ತುದಿಯಲ್ಲಿ ನನ್ನ ಚಿಕ್ಕಪ್ಪ ಕವಳ ಹಾಕುತ್ತ ಕೂತಿದ್ದ. ಆ ಮಾತು ಕಿವಿಗೆ ಬಿದ್ದದ್ದೇ ತಡ, ಎಲೆ ಅಡಿಕೆಯ ಸಂಚಿಯನ್ನು ಅಲ್ಲೇ ಬಿಟ್ಟು ಎದ್ದು ಒಳಗೆ ಹೋದ. ಹುಡುಗನಿಗೆ ಅರ್ಥವಾಗಲಿಲ್ಲ. ನನಗೆ ಆಯ್ತು. ಆದರೆ ಹಬ್ಬದ ದಿನ ಎಂತ ಹೇಳುವುದು ಅಂತ ಸುಮ್ಮನಾದೆ. ಅವತ್ತು ಹೇಳದೆ ಉಳಿದ ಮಾತನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದು ಒಂದು ಗಿಡದ ಚರಿತ್ರೆ. ಗಿಡ ಯಾರ ಹಿತ್ತಲಲ್ಲಿದೆ ಅಂತ ನೋಡಿ ಅಪರಾಧ ಯಾರದು ಅಂತ ತೀರ್ಮಾನಿಸುವ ವ್ಯವಸ್ಥೆಯ ಚರಿತ್ರೆಯೂ ಹೌದು.

ಭಂಗಿ, ಗಾಂಜಾ, ಚರಸ್ ಮೂರೂ ಒಂದೇ ಗಿಡದ ಮಕ್ಕಳು. ಎಲೆ ಅರೆದರೆ ಭಂಗಿ. ಹೆಣ್ಣು ಗಿಡದ ಹೂಗೊಂಚಲು ಒಣಗಿಸಿದರೆ ಗಾಂಜಾ. ಅದರ ಅಂಟು ತಿಕ್ಕಿ ತೆಗೆದರೆ ಚರಸ್. ಈ ಭೇದ ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಕಾನೂನು ಇದೇ ಭೇದದ ಮೇಲೆ ತನ್ನ ಜಾತಿವ್ಯವಸ್ಥೆಯನ್ನು ಕಟ್ಟಿದೆ. ಅಥರ್ವವೇದದಲ್ಲಿ 'ಭಂಗ' ಎಂಬ ಹೆಸರಿದೆ, ಆಯುರ್ವೇದದವರು 'ವಿಜಯಾ' ಅಂದರು, ಶಿವನಿಗೆ ಪ್ರಿಯವಾದದ್ದು ಅಂದರು. ಇವೆಲ್ಲ ಮೇಲಿನವರು ಬರೆದಿಟ್ಟುಕೊಂಡ ಚರಿತ್ರೆ. ಕೆಳಗಿನವರ ಕೈಯಲ್ಲಿ ಈ ಗಿಡ ಎಂತ ಮಾಡುತ್ತಿತ್ತು ಅನ್ನುವುದನ್ನು ಬರೆದಿಟ್ಟವರು ಪರದೇಶಿಗಳೇ.

1563ರಲ್ಲಿ ಗೋವಾದಲ್ಲಿ ಒಂದು ಪುಸ್ತಕ ಅಚ್ಚಾಯಿತು. ಬರೆದವನು ಗಾರ್ಸಿಯಾ ದ ಓರ್ತ ಎಂಬ ಪೋರ್ಚುಗೀಸ್ ವೈದ್ಯ. ಈ ನಾಡಿನ ಔಷಧಿ ಗಿಡಗಳನ್ನು ಒಂದೊಂದಾಗಿ ವಿವರಿಸುತ್ತ ಹೋಗುವವನು ಭಂಗಿಯ ವಿಷಯಕ್ಕೆ ಬಂದಾಗ ತನ್ನ ಮನೆಯ ಆಳುಗಳ ಮಾತು ತೆಗೆಯುತ್ತಾನೆ. ಅವರು ತನಗೆ ತಿಳಿಯದ ಹಾಗೆ ಅದನ್ನು ತಿನ್ನುತ್ತಿದ್ದರಂತೆ. ತಿಂದರೆ ಕೆಲಸದ ಭಾರ ಗೊತ್ತಾಗುವುದಿಲ್ಲ, ಮನಸ್ಸು ಹಗುರಾಗುತ್ತದೆ, ಹಸಿವೆ ಹತ್ತುತ್ತದೆ ಅಂದರಂತೆ. ಗೋವಾದಿಂದ ದಕ್ಷಿಣಕ್ಕೆ ಇದೇ ಕಡಲಂಚಿನಲ್ಲಿ ನಮ್ಮ ಊರು. ನಾನೂರು ವರ್ಷಗಳ ಮೇಲೆ ನಮ್ಮ ಅಜ್ಜಿ ಹೇಳಿದ್ದೂ ಇದನ್ನೇ. ನಟ್ಟಿಯ ಕಾಲದಲ್ಲಿ ಮೂರು ಹೊತ್ತು ಕೆಸರಿನಲ್ಲಿ ಬಗ್ಗಿ ನಿಂತ ಗಂಡಸರು ಸಂಜೆ ಚಿಲುಮೆ ಎಳೆದರೆ ಸೊಂಟ ತಮ್ಮದಲ್ಲ ಅನ್ನಿಸುತ್ತಿತ್ತಂತೆ. "ಒಡೆಯರಿಗೂ ಅದೇ ಬೇಕಿತ್ತು ತಮಾ. ನೋವು ಗೊತ್ತಾಗದಿದ್ರೆ ಮರುದಿನ ಮತ್ತೆ ಬರ್ತ್ರಲ್ಲ" ಅಂತಿದ್ದಳು. ಗಾಂಜಾದ ಬಗ್ಗೆ ಇಷ್ಟು ನೇರವಾದ ಅರ್ಥಶಾಸ್ತ್ರವನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ.

ಇನ್ನೊಂದು ಪುಸ್ತಕದ ವಿಷಯ ಹೇಳಬೇಕು. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಮಾಡಿಸಿದ 'ಹೊರ್ತುಸ್ ಮಲಬಾರಿಕುಸ್'. 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾಯಿತು. ಅದರಲ್ಲಿ ಈ ಗಿಡದ ಚಿತ್ರವೂ ಇದೆ, 'ಕಂಜಾವು' ಎಂಬ ಮಲೆಯಾಳಿ ಹೆಸರೂ ಇದೆ. ಆ ಗ್ರಂಥಕ್ಕೆ ಗಿಡಗಳ ತಿಳುವಳಿಕೆ ಕೊಟ್ಟವರಲ್ಲಿ ಮುಖ್ಯನಾದವನು ಇಟ್ಟಿ ಅಚ್ಯುದನ್, ಈಳವ ಜಾತಿಯ ವೈದ್ಯ. ಹೆಂಡ ಇಳಿಸುವವರು ಅಂತ ದೂರ ಇಟ್ಟ ಜಾತಿಯ ಮನುಷ್ಯ ತನ್ನ ಮನೆಯ ತಾಳೆಗರಿಯಲ್ಲಿದ್ದ ವಿದ್ಯೆಯನ್ನು ಹೇಳಿ ಬರೆಸಿದ. ವಿದ್ಯೆ ಆಮ್‌ಸ್ಟರ್‌ಡಾಮಿಗೆ ಹೋಯಿತು. ಇವತ್ತು ಗಾಂಜಾ ಬೀಜದ ದೊಡ್ಡ ವ್ಯಾಪಾರ ನಡೆಯುವ ಊರುಗಳಲ್ಲೂ ಆಮ್‌ಸ್ಟರ್‌ಡಾಂ ಒಂದು. ಇದು ಬರೀ ಕಾಕತಾಳೀಯ ಇರಬಹುದು. ಆದರೆ ನಮ್ಮ ಹಿತ್ತಲಿನಿಂದ ಹೊರಟದ್ದು ಹೆಸರು ಬದಲಿಸಿಕೊಂಡು ನಮಗೇ ಮಾರಾಟಕ್ಕೆ ಬರುವ ದಾರಿ ಹೊಸದಲ್ಲ ಅಂತ ತಿಳಿದರೆ ಸಾಕು.

ಈಗ ಬ್ರಿಟಿಷರ ಕಾಲಕ್ಕೆ ಬರೋಣ. 1862ರಲ್ಲಿ ಉತ್ತರ ಕನ್ನಡ ಮದ್ರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಅಲ್ಲಿಂದ ಮುಂದಿನ ಮೂವತ್ತು ನಲವತ್ತು ವರ್ಷ ಇಲ್ಲಿನ ಬಡವರ ಮನೆಯ ಸುತ್ತ ಇದ್ದ ಒಂದೊಂದೇ ವಸ್ತು ಸರಕಾರದ್ದಾಗುತ್ತ ಹೋದ ಕತೆ. ಕಾಡು ಕಡಿದು ಸುಟ್ಟು ರಾಗಿ ಬಿತ್ತುತ್ತಿದ್ದ ಕುಮರಿ ಬೇಸಾಯಕ್ಕೆ ಅರಣ್ಯ ಇಲಾಖೆ ಬೇಲಿ ಹಾಕಿತು. 1878ರ ಮುಂಬಯಿ ಅಬಕಾರಿ ಕಾಯಿದೆ ಹೆಂಡಕ್ಕೆ, ಹೆಂಡದ ಮರಕ್ಕೆ ಲೆಕ್ಕ ಹಾಕಿತು. ಹಳೆಪೈಕರು, ಕೋಮಾರಪಂತರು ತಮ್ಮ ಊರಿನ ಮರಕ್ಕೆ ತಾವೇ ಸುಂಕ ಕಟ್ಟಬೇಕಾಯಿತು. 1890ರ ಮುಂಬಯಿ ಉಪ್ಪಿನ ಕಾಯಿದೆ ಕಡಲ ನೀರು ಬತ್ತಿಸಿ ಉಪ್ಪು ಮಾಡುವುದನ್ನು ಅಪರಾಧ ಮಾಡಿತು. ಇನ್ನೂ ವಿಚಿತ್ರ ಬೇಕೆಂದರೆ 1892ರಲ್ಲಿ ಠಾಣೆ ಮತ್ತು ಕುಲಾಬಾ ಜಿಲ್ಲೆಗಳಿಗಾಗಿ ಇಪ್ಪೆ ಹೂವಿನ ಮೇಲೊಂದು ಕಾಯಿದೆ ಬಂತು. ಮರದಿಂದ ಉದುರಿದ ಹೂವನ್ನು ಆದಿವಾಸಿ ಆರಿಸಿ ಮನೆಯಲ್ಲಿಟ್ಟುಕೊಂಡರೆ ಕಳ್ಳಭಟ್ಟಿ ಇಳಿಸುತ್ತಾನೆ ಅಂತ ಅನುಮಾನ! ಇಷ್ಟಕ್ಕೂ ಸರಕಾರಕ್ಕೆ ಕುಡಿತದ ಮೇಲೆ ಸಿಟ್ಟಿರಲಿಲ್ಲ. ಮನೆಯಲ್ಲಿ ಮಾಡಿಕೊಂಡು ಕುಡಿದರೆ ಬೊಕ್ಕಸಕ್ಕೆ ಕಾಸು ಬರುವುದಿಲ್ಲ ಎಂಬುದೇ ಸಿಟ್ಟು.

ಗಾಂಜಾದ ಕತೆಯೂ ಇದೇ ಕಾಲದಲ್ಲಿ ತಿರುಗಿತು. 1893ರ ಮಾರ್ಚ್ 2ರಂದು ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಡಬ್ಲ್ಯು. ಎಸ್. ಕೇನ್ ಎಂಬ ಪಾನವಿರೋಧಿ ಸದಸ್ಯ ಪ್ರಶ್ನೆ ಎತ್ತಿದ. ಹಿಂದೂಸ್ಥಾನದ ಹುಚ್ಚಾಸ್ಪತ್ರೆಗಳೆಲ್ಲ ಗಾಂಜಾ ಸೇದಿದವರಿಂದ ತುಂಬಿಹೋಗಿವೆ ಅನ್ನುವ ಮಾತು ಆಗ ಜೋರಾಗಿತ್ತು. ಸರಕಾರ ಒಂದು ಆಯೋಗ ನೇಮಿಸಿತು. ಡಬ್ಲ್ಯು. ಮ್ಯಾಕ್‌ವರ್ತ್ ಯಂಗ್ ಅದರ ಅಧ್ಯಕ್ಷ. ಮೂವರು ಹಿಂದೂಸ್ಥಾನದವರೂ ಸದಸ್ಯರಾಗಿದ್ದರು, ಆದರೆ ರಾಜ, ಕುಂವರ, ಲಾಲಾ ಎಂಬ ಬಿರುದು ಹೊತ್ತವರು. ಚಿಲುಮೆ ಹಿಡಿದ ಕೈಯವನು ಒಬ್ಬನೂ ಇಲ್ಲ. ಊರೂರು ತಿರುಗಿ 1193 ಸಾಕ್ಷಿಗಳ ಮಾತು ಬರೆದುಕೊಂಡು 1894ರಲ್ಲಿ ಏಳು ಸಂಪುಟಗಳ, ಮೂರು ಸಾವಿರ ಪುಟ ಮೀರಿದ ವರದಿ ಕೊಟ್ಟರು.

ಆ ವರದಿ ಇವತ್ತು ಓದಿದರೂ ಬೆರಗಾಗುತ್ತದೆ. 1892ರಲ್ಲಿ ಹುಚ್ಚಾಸ್ಪತ್ರೆಗೆ ಸೇರಿದ 1344 ಮಂದಿಯ ಕಾಗದಪತ್ರಗಳನ್ನು ಆಯೋಗ ತೆಗೆದು ನೋಡಿತು. ಅದರಲ್ಲಿ 222 ಮಂದಿಯ ಹುಚ್ಚಿಗೆ ಗಾಂಜಾ ಕಾರಣ ಅಂತ ಬರೆದಿತ್ತು. ಬರೆದವರು ಯಾರು? ಹಿಡಿದು ತಂದ ಪೊಲೀಸರು, ಕೇಳಿದ್ದಕ್ಕೆ ತಲೆಯಾಡಿಸಿದ ನೆಂಟರು. ಒಂದೊಂದೇ ಕೇಸು ವಿಚಾರಿಸಿದಾಗ 222 ಹೋಗಿ 98 ಉಳಿಯಿತು. ಬಡವನ ಕಾಯಿಲೆಗೆ ಕಾರಣ ಹುಡುಕುವ ಬದಲು ಅವನ ಚಟದ ಹೆಸರು ಬರೆದು ಕೈ ತೊಳೆದುಕೊಳ್ಳುವುದು ಹೊಸತೇನಲ್ಲ. ಕೊನೆಗೆ, ಮಿತವಾಗಿ ಬಳಸುವುದರಿಂದ ಹೇಳಿಕೊಳ್ಳುವಂಥ ಹಾನಿ ಕಾಣುವುದಿಲ್ಲ, ಅತಿಯಾದರೆ ಹಾನಿ, ಪೂರ್ತಿ ನಿಷೇಧ ಬೇಕಾಗಿಲ್ಲ ಅಂತ ಆಯೋಗ ಹೇಳಿತು.

ಇಲ್ಲಿಯವರೆಗೆ ಮಾತ್ರ ಓದಿದ ಪಟ್ಟಣದ ಗೆಳೆಯರು "ನೋಡಿ, ಬ್ರಿಟಿಷರೇ ಒಪ್ಪಿದ್ದಾರೆ" ಅನ್ನುತ್ತಾರೆ. ಮುಂದಿನ ಪುಟ ತಿರುಗಿಸುವುದಿಲ್ಲ. ಮನೆಯ ಹಿತ್ತಲಲ್ಲಿ ಒಂದೆರಡು ಗಿಡ ಬೆಳೆಸಿಕೊಳ್ಳುವ ರೂಢಿ ಬೇರೆ ಬೇರೆ ಪ್ರಾಂತಗಳಲ್ಲಿ ಇದ್ದುದನ್ನು ಆಯೋಗ ದಾಖಲಿಸಿದೆ. ದನಕರುಗಳ ಔಷಧಿಗೆ ಬಳಸುವುದನ್ನೂ ಬರೆದುಕೊಂಡಿದೆ. ಬರೆದುಕೊಂಡು ಕೊಟ್ಟ ಸಲಹೆ ಏನು? ಲೈಸೆನ್ಸ್ ಇಲ್ಲದೆ ಯಾರೂ ಬೆಳೆಯಕೂಡದು. ಬೇಸಾಯವನ್ನು ಒಂದೊಂದು ಕಡೆ ಕೂಡಿಹಾಕಬೇಕು, ಸರಕಾರದ ಉಗ್ರಾಣಕ್ಕೆ ಬರಬೇಕು, ಸುಂಕ ಕಟ್ಟಿ ಅಂಗಡಿಗೆ ಹೋಗಬೇಕು. ಬಂಗಾಲದ ನವಗಾಂವ್‌ನಲ್ಲಿ ಆಗಲೇ ಹಾಗೆ ನಡೆಯುತ್ತಿತ್ತು. ಅಂದರೆ ಕೋಟ್ಯಂತರ ಜನಕ್ಕೆ ಮಾರಬಹುದಾದ ವಸ್ತು, ನಮ್ಮ ಅಜ್ಜಿಯಂಥವಳು ಗೊಬ್ಬರಗುಂಡಿಯ ಪಕ್ಕ ಒಂದು ಗಿಡ ಬೆಳೆಸಿದರೆ ಮಾತ್ರ ಕಳ್ಳಮಾಲು! ಹಿತ್ತಲ ಗಿಡ ಮೊದಲು ಅಪರಾಧವಾದದ್ದು ಅಮಲಿನ ಕಾರಣಕ್ಕಲ್ಲ, ಸುಂಕದ ಕಾರಣಕ್ಕೆ. ಅಮಲಿನ ನೀತಿಪಾಠ ಆಮೇಲೆ ಬಂದು ಸೇರಿಕೊಂಡಿತು.

ಇದೇ ಆಯೋಗ ಇನ್ನೊಂದು ವಿಷಯ ಗಮನಿಸಿತ್ತು. ಭಂಗಿ ಅರೆದು ಕುಡಿಯುವವರಲ್ಲಿ ಅನುಕೂಲಸ್ಥರು ಬಹಳ. ಗಾಂಜಾ ಸೇದುವವರು ಹೆಚ್ಚಾಗಿ ಕೂಲಿಗಳು, ಬೈರಾಗಿಗಳು, ಕೆಳಗಿನ ಜನ. ಭಂಗಿಗೆ ಹಾಲು ಬೇಕು, ಸಕ್ಕರೆ ಬೇಕು, ಬಾದಾಮಿ ಬೇಕು, ಅರೆಯುವುದಕ್ಕೆ ಬಿಡುವು ಬೇಕು. ಚಿಲುಮೆಗೆ ಒಂದು ಕೆಂಡ ಸಾಕು.

ಉಪ್ಪಿನ ಮಾತು ಇಲ್ಲಿ ಮತ್ತೆ ಬರುತ್ತದೆ. ನಮ್ಮ ಸಾಣಿಕಟ್ಟೆಯ ಉಪ್ಪು ಈ ಸೀಮೆಗೆಲ್ಲ ಗೊತ್ತು. 1930ರ ಏಪ್ರಿಲ್‌ನಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾಯಿದೆ ಮುರಿದದ್ದನ್ನು ಶಾಲೆಯ ಪುಸ್ತಕಗಳಲ್ಲೇ ಓದಿದ್ದೇವೆ. 1931ರ ಮಾರ್ಚ್ 5ರ ಗಾಂಧಿ–ಇರ್ವಿನ್ ಒಪ್ಪಂದದಲ್ಲಿ ಉಪ್ಪಿನ ಕಾಯಿದೆ ರದ್ದಾಗಲಿಲ್ಲ. ಆದರೆ ಉಪ್ಪು ಹುಟ್ಟುವ ಜಾಗದ ಹಳ್ಳಿಯವರು ಮನೆಬಳಕೆಗೆ, ಊರೊಳಗಿನ ಮಾರಾಟಕ್ಕೆ ಮಾಡಿಕೊಳ್ಳಬಹುದು ಅಂತಾಯಿತು. 'ಮನೆಬಳಕೆ' ಎಂಬ ಈ ಸಣ್ಣ ಶಬ್ದಕ್ಕಾಗಿ ದೇಶ ಲಾಠಿ ತಿಂದಿತ್ತು. ಉಪ್ಪು ಬೇರೆ, ಗಾಂಜಾ ಬೇರೆ, ನಾನು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಮನೆಯಲ್ಲಿ ತನಗಾಗಿ ಮಾಡಿಕೊಳ್ಳುವುದು ಬೇರೆ, ಮಾರಾಟದ ದಂಧೆ ಬೇರೆ ಅನ್ನುವ ತಿಳುವಳಿಕೆ ಕಾಯಿದೆಗೆ ಒಮ್ಮೆ ಬಂದಿತ್ತು ಅಂತಷ್ಟೇ ಹೇಳುತ್ತಿದ್ದೇನೆ.

ಸ್ವಾತಂತ್ರ್ಯ ಬಂದ ಮೇಲೆ 1949ರ ಮುಂಬಯಿ ಪಾನನಿರೋಧ ಕಾಯಿದೆ ಬಂತು. 1956ರ ನವೆಂಬರ್ 1ರವರೆಗೆ ನಾವು ಮುಂಬಯಿಯವರೇ ಆದ್ದರಿಂದ ಅದು ನಮಗೂ ಬಂತು. ಕಾಯಿದೆ ಬಂದರೂ ಅಜ್ಜಿಯ ಗಿಡ ಎಲ್ಲೂ ಹೋಗಲಿಲ್ಲ. ಕೊಟ್ಟಿಗೆಯ ಹಿಂದೆ, ಮಳೆಗಾಲಕ್ಕೆ ತಾನೇ ಹುಟ್ಟಿ ದೀಪಾವಳಿಯ ಹೊತ್ತಿಗೆ ಹೂವಾಗುತ್ತಿತ್ತು. ಎತ್ತಿಗೆ ಹೊಟ್ಟೆ ಕೆಟ್ಟರೆ ಎರಡು ಎಲೆ ಅರೆದು ಬೆಲ್ಲದ ಜತೆ ಉಂಡೆ ಕಟ್ಟಿ ನುಂಗಿಸುತ್ತಿದ್ದಳು. ಎತ್ತು ಒಡೆಯನದೇ. ವಾಸಿಯಾದರೆ ಒಡೆಯನ ಎತ್ತು ವಾಸಿ, ಸತ್ತರೆ ಮುಕ್ರಿಗಳು ಏನೋ ತಿನ್ನಿಸಿದರು. ಪಟೇಲನಿಗೂ ಗಿಡ ಗೊತ್ತು, ಶ್ಯಾನುಭೋಗನಿಗೂ ಗೊತ್ತು. ಶಿವರಾತ್ರಿ ಹತ್ತಿರ ಬಂದಾಗ ಮೇಲಿನ ಕೇರಿಯಿಂದಲೇ ಎಲೆ ಕೇಳಿಕೊಂಡು ಆಳು ಬರುತ್ತಿದ್ದ. ಅಂಗಳ ಮುಟ್ಟಬಾರದು, ಅಂಗಳದ ಎಲೆ ಮುಟ್ಟಬಹುದು.

1961ರಲ್ಲಿ ನ್ಯೂಯಾರ್ಕಿನಲ್ಲಿ ಮಾದಕವಸ್ತುಗಳ ಮೇಲೆ ಒಂದು ಜಾಗತಿಕ ಒಪ್ಪಂದ ಆಯಿತು. ಈ ಗಿಡವನ್ನು ಹೆರಾಯಿನ್ ಜತೆಗೆ ಅತಿ ಕಠಿಣ ಪಟ್ಟಿಯಲ್ಲಿ ಕೂರಿಸಿದರು. ಆ ಒಪ್ಪಂದದಲ್ಲಿ ಗಾಂಜಾ ಅಂದರೆ ಹೂವಿನ, ಕಾಯಿಯ ತುದಿಗಳು. ಎಲೆ ಮತ್ತು ಬೀಜ ಅವುಗಳಿಂದ ಬೇರೆಯಾಗಿದ್ದರೆ ಲೆಕ್ಕಕ್ಕಿಲ್ಲ. ನಮ್ಮ ದೇಶದಲ್ಲಿ ಅದಾದ ಮೇಲೂ ಒಡಿಶಾ, ಬಿಹಾರ ಕಡೆ ಸರಕಾರಿ ಲೈಸೆನ್ಸಿನ ಗಾಂಜಾ ಅಂಗಡಿಗಳು ಬಹಳ ವರ್ಷ ನಡೆದವು. ಕೊನೆಗೆ 1985ರ ನವೆಂಬರ್ 14ರಂದು ಎನ್.ಡಿ.ಪಿ.ಎಸ್. ಕಾಯಿದೆ ಜಾರಿಯಾಯಿತು. ಮಕ್ಕಳ ದಿನಾಚರಣೆಯ ದಿನ. ಅದರ 2ನೆಯ ಕಲಮಿನಲ್ಲಿಯೂ ಅದೇ ವ್ಯಾಖ್ಯೆ. ಹೂವು ಗಾಂಜಾ, ಹೂವಿನ ಜತೆಯಿಲ್ಲದ ಎಲೆ ಗಾಂಜಾ ಅಲ್ಲ.

ಈಗ ಆ ಹಳೆಯ ಭೇದ ನೆನಪಿಸಿಕೊಳ್ಳಿ. ಎಲೆ ಅರೆದು ಹಾಲಿನಲ್ಲಿ ಕುಡಿಯುವುದು ಸಂಸ್ಕೃತಿ, ಹೂವು ಚಿಲುಮೆಯಲ್ಲಿ ಸೇದುವುದು ಅಪರಾಧ. ರಾಜಸ್ಥಾನದಲ್ಲಿ, ಉತ್ತರಪ್ರದೇಶದಲ್ಲಿ ಸರಕಾರದ ಅನುಮತಿಯ ಭಂಗಿ ಅಂಗಡಿಗಳಿವೆ. 2022ರಲ್ಲಿ ನಮ್ಮ ಹೈಕೋರ್ಟು ಕೂಡ ಒಂದು ಜಾಮೀನು ಆದೇಶದಲ್ಲಿ ಭಂಗಿ ಈ ಕಾಯಿದೆಯ ಕೆಳಗೆ ಬರುವುದಿಲ್ಲ ಅಂತ ಹೇಳಿತು. ಕಾನೂನಿನ ಅಕ್ಷರ ನೋಡಿದರೆ ಕೋರ್ಟು ಹೇಳಿದ್ದು ಸರಿ. ನನ್ನ ತಕರಾರು ಅಕ್ಷರ ಬರೆದ ಕೈಯ ಮೇಲೆ. ಒಂದೇ ಗಿಡದ ಎಲೆಗೂ ಹೂವಿಗೂ ನಡುವೆ ಎಳೆದ ಗೆರೆ ಲೋಟ ಹಿಡಿದವನಿಗೂ ಚಿಲುಮೆ ಹಿಡಿದವನಿಗೂ ನಡುವೆಯೇ ಹಾದುಹೋಯಿತು. ಇದನ್ನು ಸಸ್ಯಶಾಸ್ತ್ರ ಅನ್ನಬೇಕೋ, ಮನುಶಾಸ್ತ್ರ ಅನ್ನಬೇಕೋ? ಕೆಳಗಿನವರ ನಂಬಿಕೆಗೂ ಗಾಂಜಾ ಬೇಕಾಗಿದೆಯಲ್ಲ, ಅದೇನಾಯಿತು? ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಗಾಂಜಾ ಪ್ರಸಾದವಾಗಿ ಹಂಚುವ ವಿಷಯ 2020ರಲ್ಲಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು, ಏನೋ ಕೌತುಕ ಕಂಡವರ ಹಾಗೆ. ಆ ಕೌತುಕಕ್ಕೆ ಕಾಯಿದೆಯಲ್ಲಿ ಜಾಗ ಇಲ್ಲ.

ಇನ್ನು ನನ್ನ ಚಿಕ್ಕಪ್ಪನ ಮಾತು.

1990ರ ದಶಕದ ನಡುವೆ ಒಂದು ವರ್ಷ. ಮಳೆ ಹಿಂದಾಗಿ ಗದ್ದೆ ಹಳದಿಯಾಗುವ ಹೊತ್ತು. ಚಿಕ್ಕಪ್ಪ ಒಡೆಯರೊಬ್ಬರ ತೋಟ ಕಾಯುತ್ತಿದ್ದ. ರಾತ್ರಿ ಅಲ್ಲೇ ಗುಡಿಸಲಿನಲ್ಲಿ ಮಲಗುತ್ತಿದ್ದ. ತೋಟದ ಅಂಚಿನಲ್ಲಿ, ಬೇಲಿಗೆ ತಾಗಿ ನಾಲ್ಕು ಗಿಡ ಸಿಕ್ಕವು. ಯಾರು ಬಿತ್ತಿದ್ದು? ಒಡೆಯರ ಕಿರಿಯ ಮಗನೋ, ಹಕ್ಕಿಯೋ, ಚಿಕ್ಕಪ್ಪನೇಯೋ, ನನಗೂ ಖಚಿತವಿಲ್ಲ, ಚಿಕ್ಕಪ್ಪ ಇವತ್ತಿನವರೆಗೂ ಆ ಮಾತು ಎತ್ತಿಲ್ಲ. ಖಾಕಿಯವರು ಬಂದರು, ಗಿಡ ಕಿತ್ತರು, ಬೇರು ಕಾಂಡ ಮಣ್ಣು ಸಮೇತ ತೂಗಿದರು. ಪಂಚನಾಮೆಗೆ ಇಬ್ಬರು ಪಂಚರು ಬೇಕಲ್ಲ, ಒಡೆಯರ ಮನೆಯಿಂದಲೇ ಬಂದರು. "ಇಲ್ಲೊಂದು ಒತ್ತು" ಅಂದರು, ಚಿಕ್ಕಪ್ಪ ಹೆಬ್ಬೆಟ್ಟು ಒತ್ತಿದ. ತನ್ನ ಜಮೀನಿನಲ್ಲಿ ಈ ಗಿಡ ಕಂಡರೆ ಕೂಡಲೇ ತಿಳಿಸಬೇಕಾದ್ದು ಜಮೀನಿನ ಹಕ್ಕುದಾರನ ಹೊಣೆ ಅಂತ ಅದೇ ಕಾಯಿದೆಯ 46ನೆಯ ಕಲಮು ಹೇಳುತ್ತದೆ. ಆ ಕಲಮನ್ನು ಅವತ್ತು ಯಾರೂ ಓದಲಿಲ್ಲ.

1989ರ ತಿದ್ದುಪಡಿಯಿಂದ ಐದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯಾಗಬಹುದಾದ ಕೇಸಿನಲ್ಲಿ ಜಾಮೀನು ಸಿಗುವುದು ಕಷ್ಟವಾಗಿತ್ತು. ಗಾಂಜಾ ಬೆಳೆದ ಕೇಸಿಗೆ ಆಗ ಐದು ವರ್ಷ, ಐವತ್ತು ಸಾವಿರ ದಂಡ. ಹಾಗಾಗಿ ನಾಲ್ಕು ಗಿಡಕ್ಕೆ ಹದಿನಾಲ್ಕು ತಿಂಗಳು ವಿಚಾರಣಾ ಕೈದಿ. ಚಿಕ್ಕಮ್ಮ ದಿನಗೂಲಿ ಬಿಟ್ಟು ಬಸ್ಸು ಹತ್ತಿ ಕೋರ್ಟಿಗೆ ಹೋಗಿ ಗೋಡೆಗೆ ಒರಗಿ ಕೂತು ಬರುತ್ತಿದ್ದಳು. ಮಗಳು ಏಳನೇ ಇಯತ್ತೆಗೆ ಶಾಲೆ ಬಿಟ್ಟಳು. ಕೊನೆಗೆ ಮಾಲಿನ ಮೊಹರು ಸರಿಯಿಲ್ಲ, ತೂಕ ಹಾಕಿದ ಕ್ರಮ ಸರಿಯಿಲ್ಲ ಅಂತ ಕೋರ್ಟು ಬಿಟ್ಟಿತು. 'ದೋಷಮುಕ್ತ' ಅಂತ ಕಾಗದ ಬಂತು. "ಹಾಗಂದ್ರೆ ಎಂತದೋ?" ಅಂತ ನನ್ನ ಹತ್ತಿರ ಓದಿಸಿ ಕೇಳಿದ. ಹೇಳಿದೆ. "ಹಾಂ" ಅಂದ. ಒಡೆಯರ ತೋಟಕ್ಕೆ ಆಗಲೇ ಬೇರೆಯವನು ಬಂದಿದ್ದ.

2001ರಲ್ಲಿ ಕಾಯಿದೆ ತಿದ್ದಿದರು. ಇಟ್ಟುಕೊಂಡ ಗಾಂಜಾಕ್ಕೆ ತೂಕದ ಮೆಟ್ಟಿಲು ಬಂತು. ಒಂದು ಕಿಲೋವರೆಗೆ ಸಣ್ಣ ಪ್ರಮಾಣ, ಇಪ್ಪತ್ತು ಕಿಲೋ ಮೀರಿದರೆ ವಾಣಿಜ್ಯ ಪ್ರಮಾಣ. ಬೆಳೆಯುವುದಕ್ಕೆ ಮಾತ್ರ ಮೆಟ್ಟಿಲು ಇಲ್ಲ. 20ನೆಯ ಕಲಮಿನ (ಎ) ಉಪಕಲಮು ಗಿಡ ಎಣಿಸುವುದಿಲ್ಲ. ಒಂದು ಗಿಡವೂ ಒಂದೇ, ಒಂದು ಎಕರೆಯೂ ಒಂದೇ. ಹತ್ತು ವರ್ಷದವರೆಗೆ ಕಠಿಣ ಶಿಕ್ಷೆ, ಒಂದು ಲಕ್ಷದವರೆಗೆ ದಂಡ. ಬೀಜ ಗಾಂಜಾ ಅಲ್ಲ ಅಂತ ವ್ಯಾಖ್ಯೆಯಲ್ಲೇ ಇದೆ, ಆದರೆ ಅದೇ ಬೀಜ ಕುಂಡದ ಮಣ್ಣಿಗೆ ಬಿದ್ದು ಮೊಳೆತರೆ ಅಪರಾಧ. ಅಂಗಡಿಯ ಮಾಲು ಹಿಡಿದುಕೊಂಡವನಿಗಿಂತ ಹಿತ್ತಲಿನಲ್ಲಿ ಒಂದು ಗಿಡ ನೀರು ಹಾಕಿದವನು ದೊಡ್ಡ ಅಪರಾಧಿ. ನನ್ನ ಅಳಿಯ ಈ ಕಲಮು ಕೇಳಿಲ್ಲ. ಬೀಜ ಮಾರುವವರು ಅವನಿಗೆ ಇದನ್ನು ಹೇಳುವುದಿಲ್ಲ.

ಆ ಬೀಜದ ಚರಿತ್ರೆಯೂ ಸ್ವಲ್ಪ ಇದೆ. ನಮ್ಮ ನಾಡಿನ ಗಿಡ ಇರುಳಿನ ಲೆಕ್ಕ ಇಡುತ್ತದೆ. ಇರುಳು ಉದ್ದವಾಗುತ್ತ ಬಂದಾಗ ಹೂವಿಗೆ ಬರುತ್ತದೆ. ನಮ್ಮಲ್ಲಿ ಹಗಲು ಎಷ್ಟು ಉದ್ದವಾದರೂ ಹದಿಮೂರು ತಾಸಿನ ಆಸುಪಾಸು, ಹಾಗಾಗಿ ಇಲ್ಲಿ ಗಿಡಕ್ಕೆ ಹೂಬಿಡಲು ಯಾರ ಹಂಗೂ ಇಲ್ಲ. ಉತ್ತರದ ಚಳಿದೇಶಗಳ ಪಾಡು ಬೇರೆ. ಬೇಸಿಗೆಯ ಹಗಲು ಬಹಳ ಉದ್ದ, ಇರುಳು ಉದ್ದವಾಗುವ ಹೊತ್ತಿಗೆ ಹಿಮ ಬೀಳುತ್ತದೆ. ಅಲ್ಲಿ ರಸ್ತೆ ಬದಿಯಲ್ಲಿ, ಕಸದ ದಿಬ್ಬದ ಮೇಲೆ ಹುಟ್ಟುವ ಒಂದು ಕುಳ್ಳ ಜಾತಿ ಇರುಳಿನ ಲೆಕ್ಕವನ್ನೇ ಬಿಟ್ಟು, ತನ್ನ ವಯಸ್ಸಿನ ಲೆಕ್ಕದಲ್ಲಿ ಬೇಗ ಬೇಗ ಹೂವಾಗಿ ಮುಗಿಯುವುದನ್ನು ಕಲಿತಿತ್ತು. 1924ರಲ್ಲಿ ಯಾನಿಷೆವ್‌ಸ್ಕಿ ಎಂಬ ರಷ್ಯದ ಸಸ್ಯಶಾಸ್ತ್ರಜ್ಞ ಅದಕ್ಕೆ 'ರುಡೆರಾಲಿಸ್' ಅಂತ ಹೆಸರಿಟ್ಟ. ಪಾಳುಜಾಗದ್ದು, ಕಸಕಡ್ಡಿಯ ನಡುವಿನದು ಅಂತ ಅರ್ಥ. ಗಿಡಗಳಲ್ಲೂ ಕೇರಿಯದು! ಅಮಲು ಕಡಿಮೆ ಅಂತ ಅದನ್ನು ಯಾರೂ ಮೂಸಿರಲಿಲ್ಲ. ಆಮೇಲೆ ಅದರ ಆತುರವನ್ನು ದಕ್ಷಿಣದ ಗಿಡಗಳ ಅಮಲಿಗೆ ಕಸಿಮಾಡಿದರು. 2000ದ ಮೊದಲ ವರ್ಷಗಳಲ್ಲಿ 'ಲೋರೈಡರ್' ಎಂಬ ತಳಿ ಮಾರುಕಟ್ಟೆಗೆ ಬಂದದ್ದೇ ಆಟೋಫ್ಲವರ್ ಎಂಬ ಹೆಸರಿಗೆ ಬೆಲೆ ಬಂತು. ಇವತ್ತು ಎಣಿಸಿ ನಾಲ್ಕು ಬೀಜ ಡಬ್ಬಿಯಲ್ಲಿ ಹಾಕಿ ಮಾರುತ್ತಾರೆ. 'ಕೇರಳ' ಅಂತ ಹೆಸರಿಟ್ಟ ಬೀಜವನ್ನೂ ಪರದೇಶದಲ್ಲಿ ಮಾರುತ್ತಾರೆ. ಆ ಬೀಜ ಒಮ್ಮೆ ಯಾರ ಮಡಿಲಿನಿಂದ ಹೋಯಿತೋ ಅವರ ಮನೆಯವರಿಗೆ ಕಾಸೂ ಇಲ್ಲ, ಹೆಸರೂ ಇಲ್ಲ, ಇರುವುದು ಕೇಸು.

ಅಘನಾಶಿನಿಯ ಗಜನಿ ಗದ್ದೆಯಲ್ಲಿ ನಮ್ಮವರು ಕಗ್ಗ ಭತ್ತ ಬೆಳೆಯುತ್ತಿದ್ದುದನ್ನು ಇಲ್ಲಿ ನೆನೆಯದಿದ್ದರೆ ಆಗದು. ಉಪ್ಪುನೀರು ತಡೆಯುವ, ನೆರೆಯಲ್ಲಿ ಮುಳುಗಿ ಏಳುವ ಬೀಜ. ಯಾವ ಕಂಪನಿಯೂ ಕೊಟ್ಟದ್ದಲ್ಲ, ಮುಡಿಯಲ್ಲಿ ಕಟ್ಟಿಟ್ಟು ವರ್ಷ ವರ್ಷ ಕಾದದ್ದು. ಸಿಗಡಿ ಕೆರೆಗಳು ಬಂದ ಮೇಲೆ ಕಗ್ಗ ಹಿಂದೆ ಸರಿಯಿತು. 1992ರ ಡಿಸೆಂಬರ್‌ನಲ್ಲಿ ರೈತಸಂಘದವರು ಬೆಂಗಳೂರಿನಲ್ಲಿ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿದಾಗ, ಬೀಜ ಯಾರದು ಎಂಬ ಪ್ರಶ್ನೆ ಎಲ್ಲರ ಕಿವಿಗೂ ಬಿತ್ತು. ಬೀಜ ಕಾದವರು ಕೂಲಿಯಾಗಿ, ಬೀಜ ಕೊಂಡವರು ಬೇಸಾಯಗಾರರಾಗುವ ಈ ತಿರುವುಮುರುವು ಭತ್ತದಲ್ಲೂ ಆಯಿತು, ಗಾಂಜಾದಲ್ಲೂ ಆಯಿತು.

ಮನೆಯೊಳಗೆ ದೀಪದಡಿ ಬೆಳೆಯುವುದು ನಮ್ಮ ರಾಜ್ಯಕ್ಕೂ ಬಂದಾಗಿದೆ. 2021ರಲ್ಲಿ ಬಿಡದಿಯ ಒಂದು ಬಂಗಲೆಯಲ್ಲಿ ಪರದೇಶದವರು ಬೆಳೆಸಿದ್ದು ಸಿಕ್ಕಿತು. 2023ರಲ್ಲಿ ಶಿವಮೊಗ್ಗೆಯ ಬಾಡಿಗೆ ಮನೆಯಲ್ಲಿ ವೈದ್ಯಕೀಯ ವಿದ್ಯಾರ್ಥಿಗಳು ಬೆಳೆಸಿದ್ದರು ಅಂತ ಪೊಲೀಸರು ಹಿಡಿದರು. 2024ರಲ್ಲಿ ಬೆಂಗಳೂರಿನ ಮನೆಯೊಂದರ ಬಾಲ್ಕನಿಯ ಕುಂಡದಲ್ಲಿ ಕಂಡಿತು. ಇವರೂ ಸಿಕ್ಕಿಬಿದ್ದರು, ನಿಜ. ಆದರೆ ಗೋಡೆ, ಬೀಗ, ತಂಪು ಗಾಳಿಯ ಯಂತ್ರ ಇದ್ದವನ ಗಿಡ ಯಾರಾದರೂ ಹೇಳಿಕೊಟ್ಟರೆ ಮಾತ್ರ ಸಿಗುತ್ತದೆ. ಹನೂರು, ಕೊಳ್ಳೇಗಾಲದ ಕಡೆ ಜೋಳದ ಸಾಲಿನ ನಡುವೆ, ಅರಿಶಿನದ ಮರೆಯಲ್ಲಿ ನೆಟ್ಟವನ ಗಿಡಕ್ಕೆ ಆಕಾಶವೇ ಮಾಡು. ಅವನ ಹೊಲ ಎಲ್ಲರಿಗೂ ಕಾಣುತ್ತದೆ, ಅವನ ಸಾಲ ಯಾರಿಗೂ ಕಾಣುವುದಿಲ್ಲ. ಗಿಡ ತೂಗುವಾಗ ಬೇರು, ಕಾಂಡ, ಎಲೆ ಎಲ್ಲ ಸೇರಿಸಿದರು ಎಂಬ ವಾದ ಜಾಮೀನು ಅರ್ಜಿಗಳಲ್ಲಿ ಇವತ್ತಿಗೂ ಬರುತ್ತಲೇ ಇರುತ್ತದೆ. ಆ ವಾದ ಹೂಡಲು ವಕೀಲ ಬೇಕು, ವಕೀಲನಿಗೆ ಹಣ ಬೇಕು.

ಹೊರಗಡೆ ಗಾಳಿ ತಿರುಗಿದೆ. 2018ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಆಫ್ರಿಕದ ಸಂವಿಧಾನ ನ್ಯಾಯಾಲಯ, ದೊಡ್ಡವರು ತಮ್ಮ ಬಳಕೆಗೆ ಖಾಸಗಿಯಾಗಿ ಬೆಳೆಯುವುದು ಅಪರಾಧವಲ್ಲ ಅಂದಿತು. ಅಲ್ಲಿ ಮೊದಲು ಕೋರ್ಟಿನ ಮೆಟ್ಟಿಲು ಹತ್ತಿ ಸೋತು ಮತ್ತೆ ಹತ್ತಿದವನು ಗಾಂಜಾ ಕೇಸಿನಿಂದಾಗಿ ವಕೀಲಿಕೆಯೇ ಸಿಗದೆ ಹೋದ ಒಬ್ಬ ರಾಸ್ತಫಾರಿ. ಜರ್ಮನಿಯಲ್ಲಿ 2024ರ ಏಪ್ರಿಲ್ 1ರಿಂದ ಒಬ್ಬರಿಗೆ ಮನೆಯಲ್ಲಿ ಮೂರು ಗಿಡ. 2020ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಾದಕವಸ್ತು ಆಯೋಗ ಈ ಗಿಡವನ್ನು ಅತಿ ಕಠಿಣ ಪಟ್ಟಿಯಿಂದ ತೆಗೆಯಿತು. ತೆಗೆಯಬೇಕು ಅಂತ ಮತ ಹಾಕಿದವರಲ್ಲಿ ಭಾರತವೂ ಇದೆ! ವಿಯೆನ್ನಾದಲ್ಲಿ ಎತ್ತಿದ ಕೈ ಇಲ್ಲಿ 20ನೆಯ ಕಲಮನ್ನು ಮುಟ್ಟಲಿಲ್ಲ.

ಹಾಗಾದರೆ ಮನೆಮನೆಯಲ್ಲೂ ಬೆಳೆಯಲಿ ಅಂತೀಯಾ ಅಂತ ಸಂಗಾತಿಗಳು ಕೇಳಬಹುದು. ಅಷ್ಟು ಸಲೀಸಾಗಿ ಹೂಂ ಅನ್ನಲಾರೆ. ಅಮಲು ನಮ್ಮ ಕೇರಿಗಳನ್ನು ತಿಂದದ್ದನ್ನು ಕಂಡವನು ನಾನು. ಸಾರಾಯಿ ಹರಾಜು ಹಿಡಿದವರು ಮಂತ್ರಿಗಳನ್ನು ಸಾಕುತ್ತಿದ್ದ ಕಾಲದಲ್ಲಿ ನಮ್ಮ ಹೆಂಗಸರು ಕೂಲಿಯ ದುಡ್ಡನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಳ್ಳುತ್ತಿದ್ದರು. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರು ಹಾಲಕ್ಕಿ ಹಾಡಿನ ಜತೆಗೇ ಸಾರಾಯಿ ವಿರುದ್ಧ ಬೀದಿಗೆ ಇಳಿದದ್ದು ಸುಮ್ಮನೆ ಅಲ್ಲ. 2017ರಲ್ಲಿ ಪದ್ಮಶ್ರೀ ಕೊಟ್ಟವರು ಹಾಡನ್ನು ನೆನೆದಷ್ಟು ಆ ಹೋರಾಟವನ್ನು ನೆನೆಯಲಿಲ್ಲ. 2007ರ ಜುಲೈ 1ರಂದು ಸಾರಾಯಿ ನಿಂತಿತು. ಅಗ್ಗದ ವಿಸ್ಕಿ ಬ್ರಾಂದಿ ಬಂದು ಕೂತಿತು. ಲೈಸೆನ್ಸಿರುವ ಅಮಲು ಎಂದೂ ಅಮಲಲ್ಲ. ಗಾಂಜಾವೂ ಹುಡುಗರ ಓದು ಕೆಡಿಸುತ್ತದೆ, ಎಳೆಯ ತಲೆಗೆ ಒಳ್ಳೆಯದಲ್ಲ. ಗೋಕರ್ಣದ ಕಡಲತೀರದಲ್ಲಿ ಪರದೇಶಿಗೆ ಅದು ಮೋಕ್ಷ, ಅವನಿಗೆ ಚಹಾ ಕೊಡುವ ನಮ್ಮ ಹುಡುಗನಿಗೆ ಅದು ಠಾಣೆ. ಮೋಕ್ಷದವನು ವೀಸಾ ಮುಗಿದ ಮೇಲೆ ವಿಮಾನ ಹತ್ತುತ್ತಾನೆ.

ಅಳಿಯನಿಗೆ ಅವತ್ತು ಇಷ್ಟೇ ಅಂದೆ: "ಆ ಬೀಜ ತರಿಸಬೇಡ ತಮಾ."

"ಎಂತಕ್ಕೆ ಮಾವಾ? ಸೇದೂಕೆ ಅಲ್ಲ, ಸುಮ್ಮನೆ ನೋಡೂಕೆ."

"ನಿನ್ನ ಅಜ್ಜನ ಹತ್ತಿರ ಕೇಳು."

ಅವನು ಕೇಳಲಿಲ್ಲ. ಕೇಳಿದ್ದರೂ ಚಿಕ್ಕಪ್ಪ ಹೇಳುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಗಲಾಟೆ ಕೇಳಿ ಹೋದೆ. ಚಿಕ್ಕಪ್ಪನ ಸೊಸೆ ಹಾವೇರಿ ಕಡೆಯವಳು. ತವರಿನಿಂದ ಬೀಜ ತಂದು ಹಿತ್ತಲ ಬೇಲಿಯ ಉದ್ದಕ್ಕೂ ಪುಂಡಿಪಲ್ಲೆ ಹಾಕಿದ್ದಳು. ಪುಂಡಿಯ ಎಲೆ ಕೈಬೆರಳ ಹಾಗೆ ಸೀಳಿಕೊಂಡಿರುತ್ತದೆ, ದೂರದಿಂದ ನೋಡಿದರೆ ಗಾಂಜಾದ ಹಾಗೇ ಕಾಣುತ್ತದೆ. ಸಸ್ಯಶಾಸ್ತ್ರದವರು ಕೂಡ ಅದಕ್ಕೆ ಇಟ್ಟ ಹೆಸರಿನಲ್ಲಿ 'ಕ್ಯಾನಬಿನಸ್' ಅಂತ ಸೇರಿಸಿದ್ದಾರೆ. ಮುದುಕ ಬೆಳಕು ಹರಿಯುವ ಮೊದಲೇ ಎದ್ದು ಹೋಗಿ ಅಷ್ಟನ್ನೂ ಬೇರು ಸಮೇತ ಕಿತ್ತು, ಒಟ್ಟಿ, ಬೆಂಕಿ ಹಚ್ಚಲು ನೋಡುತ್ತಿದ್ದ. ಹಸಿ ಗಿಡ ಹೊತ್ತಿಕೊಳ್ಳುತ್ತಿರಲಿಲ್ಲ, ಬರೀ ಹೊಗೆ.

"ಮಾವಾ, ಅದು ಪುಂಡಿ! ಪಲ್ಲೆ ಮಾಡೂದು!" ಅಂತ ಸೊಸೆ ಕೂಗುತ್ತಿದ್ದಳು.

"ಗೊತ್ತು ಮಗಾ" ಅಂದ ಚಿಕ್ಕಪ್ಪ, ಊದುತ್ತ. "ನಂಗೆ ಗೊತ್ತು. ಅವ್ರಿಗೆ ಗೊತ್ತಾಗೂದಿಲ್ಲ."